ಸ್ವಾತಂತ್ರ್ಯ ಘೋಷಣೆಯ ಲೇಖಕ ಥಾಮಸ್ ಜೆಫರ್ಸನ್

ಜಗತ್ತಿನ ರಾಜ್ಯಗಳಲ್ಲಿ ಬಹುಪಾಲು ಖಡ್ಗಬಲದಿಂದ ಹುಟ್ಟಿದವು, ಖಡ್ಗಬಲದಿಂದಲೇ ಅಳಿದವು. ತಾನು ಏಕೆ ಬೇರೆಯಾಗಿ ನಿಲ್ಲಬೇಕಾಯಿತು ಎಂಬುದನ್ನು ಲೋಕದ ಮುಂದೆ ಕಾರಣಸಹಿತವಾಗಿ ಬರೆದಿಟ್ಟು ಹುಟ್ಟಿದ ರಾಷ್ಟ್ರಗಳು ಅತಿ ವಿರಳ. 1776ನೆಯ ಇಸವಿ ಜುಲೈ 4ರಂದು ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳ ಮಹಾಸಭೆಯು ಫಿಲಡೆಲ್ಫಿಯಾ ನಗರದಲ್ಲಿ ಅಂಗೀಕರಿಸಿದ ಸ್ವಾತಂತ್ರ್ಯ ಘೋಷಣೆ ಅಂತಹದೊಂದು ಪತ್ರ. ಸುಮಾರು 1,300 ಪದಗಳ ಈ ಪತ್ರವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಹತ್ತು ನಿಮಿಷಗಳಲ್ಲಿ ಓದಿ ಮುಗಿಸಬಹುದು. ಆದರೆ ಅದರಲ್ಲಿ ಹೇಳಿದ ಮಾತನ್ನು ಆಚರಣೆಗೆ ತರಲು ಆ ನಾಡಿಗೆ ಇನ್ನೂರು ವರ್ಷಗಳೂ ಸಾಲದೆ ಹೋದವು.

ಈ ಪತ್ರದ ಕರಡನ್ನು ಬರೆದವನು ಥಾಮಸ್ ಜೆಫರ್ಸನ್. ಆಗ ಆತನ ವಯಸ್ಸು 33. ಮುಂದೆ ಆತನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಮೂರನೆಯ ಅಧ್ಯಕ್ಷನಾಗಿ ಎಂಟು ವರ್ಷ ಆಳಿದನು. ಆ ದೇಶದ ವಿಸ್ತಾರವನ್ನು ಸುಮಾರು ಇಮ್ಮಡಿಗೊಳಿಸಿದನು. ಆದರೂ ಲೋಕವು ಆತನನ್ನು ನೆನೆಯುವುದು ಆ ಒಂದು ಬರಹಕ್ಕಾಗಿ. ಆತನ ಜೀವನದ ಸಕಲ ಘಟನೆಗಳನ್ನೂ ಇಲ್ಲಿ ನಿರೂಪಿಸುವ ಉದ್ದೇಶವಿಲ್ಲ. ಆ ಪತ್ರ ಹೇಗೆ ರಚಿತವಾಯಿತು, ಅದರ ಶೈಲಿಗೆ ಅಷ್ಟು ಬಲ ಎಲ್ಲಿಂದ ಬಂದಿತು, ಬರೆದ ಮಾತು ಬರೆದವನ ಬಾಳಿನೊಡನೆ ಹೇಗೆ ಸೆಣಸಿತು ಎಂಬುದನ್ನಷ್ಟೇ ನಾವು ಪರಿಶೀಲಿಸೋಣ. ಬರೆಯುವುದನ್ನೂ ಓದುವುದನ್ನೂ ಕಲಿಸುವ ವೃತ್ತಿಯಲ್ಲಿರುವವರಿಗೆ ಇದರಲ್ಲಿ ಚಿಂತನೆಗೆ ಯೋಗ್ಯವಾದ ವಿಷಯವಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೆಫರ್ಸನ್ನನು 1743ನೆಯ ಇಸವಿ ಏಪ್ರಿಲ್ 13ರಂದು ವರ್ಜೀನಿಯಾ ವಸಾಹತಿನ ಶಾಡ್ವೆಲ್ ಎಂಬಲ್ಲಿ ಜನಿಸಿದನು. ತಂದೆ ಪೀಟರ್ ಜೆಫರ್ಸನ್ ಭೂಮಾಪಕ. ಹೊಗೆಸೊಪ್ಪು ಬೆಳೆಯುವ ಜಮೀನಿನ ಒಡೆಯ. ಜೋಶುವಾ ಫ್ರೈ ಎಂಬಾತನೊಡನೆ ಕೂಡಿ ವರ್ಜೀನಿಯಾದ ಪ್ರಸಿದ್ಧ ನಕ್ಷೆಯೊಂದನ್ನು ರಚಿಸಿದವನು. ತಾಯಿ ಜೇನ್ ರಾಂಡಾಲ್ಫ್ ಆ ನಾಡಿನ ಗಣ್ಯ ಮನೆತನದವಳು. ಆ ಪ್ರದೇಶದ ದೊಡ್ಡ ಜಮೀನುಗಳೆಲ್ಲ ಆಫ್ರಿಕದಿಂದ ಹಿಡಿದು ತಂದ ಗುಲಾಮರ ಮತ್ತು ಅವರ ಸಂತತಿಯವರ ದುಡಿಮೆಯಿಂದ ನಡೆಯುತ್ತಿದ್ದವು. ಎರಡು ವರ್ಷದ ಮಗುವಾಗಿದ್ದಾಗ ಕುದುರೆ ಸವಾರನಾದ ಗುಲಾಮನೊಬ್ಬನು ತನ್ನನ್ನು ದಿಂಬಿನ ಮೇಲೆ ಮಲಗಿಸಿಕೊಂಡು ದೂರದ ಊರಿಗೆ ಒಯ್ದದ್ದೇ ಜೆಫರ್ಸನ್ನನ ಮೊತ್ತಮೊದಲ ನೆನಪಾಗಿತ್ತೆಂದು ಆತನ ಮನೆಯವರು ಹೇಳುತ್ತಿದ್ದರು.

ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಪಿತ್ರಾರ್ಜಿತವಾಗಿ ಬಂದದ್ದು ಸಾವಿರಾರು ಎಕರೆ ಭೂಮಿ, ಗುಲಾಮರು ಮತ್ತು ಒಂದಿಷ್ಟು ಪುಸ್ತಕಗಳು. ಜೇಮ್ಸ್ ಮೌರಿ ಎಂಬ ಪಾದ್ರಿಯ ಬಳಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, 1760ರಲ್ಲಿ ವಿಲಿಯಮ್ಸ್‌ಬರ್ಗಿನ ವಿಲಿಯಮ್ ಅಂಡ್ ಮೇರಿ ಕಾಲೇಜನ್ನು ಸೇರಿದನು. ಅಲ್ಲಿ ಗಣಿತವನ್ನೂ ಪ್ರಕೃತಿವಿಜ್ಞಾನವನ್ನೂ ಬೋಧಿಸುತ್ತಿದ್ದ ವಿಲಿಯಮ್ ಸ್ಮಾಲ್ ಎಂಬ ಗುರುವಿನ ಸಹವಾಸವೇ ತನ್ನ ಬಾಳಿನ ಗತಿಯನ್ನು ನಿರ್ಣಯಿಸಿತೆಂದು ಜೆಫರ್ಸನ್ನನು ಮುಪ್ಪಿನಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ಅನಂತರ ಜಾರ್ಜ್ ವಿತ್ ಎಂಬ ನ್ಯಾಯಶಾಸ್ತ್ರಜ್ಞನಲ್ಲಿ ಹಲವು ವರ್ಷ ಕಾನೂನನ್ನು ಅಭ್ಯಸಿಸಿ 1767ರಲ್ಲಿ ವಕೀಲನಾದನು. ಸೂತ್ರದಿಂದ ಸಿದ್ಧಾಂತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗಣಿತದ ರೀತಿ, ಆರೋಪಗಳನ್ನು ಒಂದೊಂದಾಗಿ ಜೋಡಿಸುವ ನ್ಯಾಯಾಲಯದ ರೀತಿ, ಗ್ರೀಕ್ ಮತ್ತು ರೋಮನ್ ಭಾಷಣಕಾರರಿಂದ ಕಲಿತ ವಾಕ್ಯಗಳ ನಡೆ ಈ ಮೂರೂ ಮುಂದೆ ಆತನ ಬರಹದಲ್ಲಿ ಒಂದಾಗಿ ಬೆರೆತವು.

1770ರಲ್ಲಿ ಆತನು ವಾದಿಸಿದ ಮೊಕದ್ದಮೆಯೊಂದನ್ನು ಇಲ್ಲಿ ಹೇಳಲೇಬೇಕು. ಸ್ಯಾಮ್ಯುಯೆಲ್ ಹೋವೆಲ್ ಎಂಬ ಮಿಶ್ರವರ್ಣದ ಬಡವನು ತಾನು ಯಾರ ಆಳೂ ಅಲ್ಲವೆಂದು ಸಾಧಿಸಿ ಬಿಡುಗಡೆ ಪಡೆಯಲು ನ್ಯಾಯಾಲಯದ ಮೊರೆಹೊಕ್ಕಿದ್ದನು. ಜೆಫರ್ಸನ್ನನು ಫೀಜು ಪಡೆಯದೆ ಅವನ ಪರವಾಗಿ ನಿಂತು, ನಿಸರ್ಗದ ನಿಯಮದಂತೆ ಮನುಷ್ಯರೆಲ್ಲರೂ ಸ್ವತಂತ್ರರಾಗಿಯೇ ಹುಟ್ಟುತ್ತಾರೆಂದು ವಾದಿಸಿದನು. ಎದುರುಪಕ್ಷದ ವಕೀಲ ಆತನ ಗುರು ವಿತ್‌ನೇ. ಗುರುವು ಎದ್ದು ಉತ್ತರ ಕೊಡುವ ಮೊದಲೇ ನ್ಯಾಯಾಲಯವು ಶಿಷ್ಯನ ವಾದವನ್ನು ತಳ್ಳಿಹಾಕಿತು. ಆರು ವರ್ಷಗಳ ತರುವಾಯ ಲೋಕವೆಲ್ಲ ಕೇಳಿದ ಮಾತಿನ ಬೀಜವು ಹೀಗೆ ಒಬ್ಬ ಬಡ ಕಕ್ಷಿದಾರನಿಗಾಗಿ ಸೋತ ವಾದದಲ್ಲಿ ಮೊದಲು ಮೊಳೆತಿತ್ತು.

ನಾಲಗೆಗಿಂತ ಲೇಖನಿ ಮೇಲು

ಜೆಫರ್ಸನ್ನನು ಎತ್ತರದ ಆಳು, ಸಂಕೋಚ ಸ್ವಭಾವದವನು. ಸಭೆಯಲ್ಲಿ ಎದ್ದು ನಿಂತರೆ ಆತನ ಧ್ವನಿ ಅಡಗಿಹೋಗುತ್ತಿತ್ತು. ಮುಂದೆ ಅಧ್ಯಕ್ಷನಾದ ಮೇಲೂ ಶಾಸನಸಭೆಗೆ ವಾರ್ಷಿಕ ಸಂದೇಶವನ್ನು ತಾನೇ ಹೋಗಿ ಓದುವ ಪದ್ಧತಿಯನ್ನು ಬಿಟ್ಟು ಬರಹದಲ್ಲಿ ಕಳುಹಿಸಿಕೊಡುತ್ತಿದ್ದನು. ಭಾಷಣಕಾರರು ತುಂಬಿದ್ದ ಆ ಕಾಲದ ರಾಜಕಾರಣದಲ್ಲಿ ಇಂತಹವನಿಗೆ ಸ್ಥಾನ ದೊರೆತದ್ದು ಬರವಣಿಗೆಯ ಬಲದಿಂದ. 1769ರಲ್ಲಿ ವರ್ಜೀನಿಯಾದ ಶಾಸನಸಭೆಯ ಸದಸ್ಯನಾದ ಆತನು 1774ರಲ್ಲಿ ವಸಾಹತುಗಳ ಹಕ್ಕುಗಳನ್ನು ಪ್ರತಿಪಾದಿಸುವ ಪುಸ್ತಿಕೆಯೊಂದನ್ನು ಬರೆದನು. ವಸಾಹತುಗಳ ಮೇಲೆ ಬ್ರಿಟಿಷ್ ಪಾರ್ಲಿಮೆಂಟಿಗೆ ಯಾವ ಅಧಿಕಾರವೂ ಇಲ್ಲ, ಅವುಗಳಿಗಿರುವ ಸಂಬಂಧ ದೊರೆಯೊಡನೆ ಮಾತ್ರ ಎಂಬುದು ಅದರ ವಾದ. ಈ ಪುಸ್ತಿಕೆಯಿಂದ ಆತನ ಹೆಸರು ಇತರ ವಸಾಹತುಗಳಿಗೂ ಹಬ್ಬಿತು.

ಒಪ್ಪಿಗೆ ಪಡೆಯದೆ ಹೇರಿದ ತೆರಿಗೆಗಳಿಂದ ಆರಂಭವಾದ ಜಗಳವು 1775ರ ಏಪ್ರಿಲ್ ತಿಂಗಳಲ್ಲಿ ಯುದ್ಧವಾಗಿ ಸಿಡಿಯಿತು. ಒಂದು ವರ್ಷ ಕಾಳಗ ನಡೆದರೂ ಬಿಡುಗಡೆಯ ಮಾತನ್ನು ಬಾಯಿಬಿಟ್ಟು ಆಡಲು ಅನೇಕರು ಹಿಂಜರಿದರು. 1776ರ ಜೂನ್ 7ರಂದು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಮಹಾಸಭೆಯಲ್ಲಿ ಸ್ವಾತಂತ್ರ್ಯದ ನಿರ್ಣಯವನ್ನು ಮಂಡಿಸಿದನು. ಜೂನ್ 11ರಂದು ಅದಕ್ಕೆ ತಕ್ಕ ಘೋಷಣೆಯನ್ನು ಸಿದ್ಧಪಡಿಸಲು ಐವರ ಸಮಿತಿಯೊಂದು ನೇಮಕವಾಯಿತು. ಜೆಫರ್ಸನ್, ಜಾನ್ ಆಡಮ್ಸ್, ಬೆಂಜಮಿನ್ ಫ್ರಾಂಕ್ಲಿನ್, ರೋಜರ್ ಶರ್ಮನ್, ರಾಬರ್ಟ್ ಲಿವಿಂಗ್‌ಸ್ಟನ್ ಅದರ ಸದಸ್ಯರು. ವಸಾಹತುಗಳಲ್ಲಿ ದೊಡ್ಡದಾದ ವರ್ಜೀನಿಯಾದವನೇ ಬರೆಯುವುದು ಉಚಿತವೆಂದೂ, ತನಗಿಂತ ಆತನ ಬರವಣಿಗೆ ಬಹುಪಾಲು ಮೇಲೆಂದೂ ಆಡಮ್ಸ್ ಒತ್ತಾಯಿಸಿದ್ದಾಗಿ ಮುಂದೆ ತಾನೇ ಹೇಳಿಕೊಂಡಿದ್ದಾನೆ. ಹೀಗೆ ಸಮಿತಿಯ ಕಿರಿಯ ಸದಸ್ಯರಲ್ಲೊಬ್ಬನ ಹೆಗಲಿಗೆ ಈ ಭಾರ ಬಿದ್ದಿತು.

ಬಾಡಿಗೆ ಕೊಠಡಿಯ ಬರಹ

ಜೇಕಬ್ ಗ್ರಾಫ್ ಎಂಬ ಇಟ್ಟಿಗೆ ಕೆಲಸದ ಮೇಸ್ತ್ರಿಯ ಮನೆಯ ಮಹಡಿಯಲ್ಲಿ ಜೆಫರ್ಸನ್ನನು ಎರಡು ಕೊಠಡಿಗಳನ್ನು ಬಾಡಿಗೆಗೆ ಹಿಡಿದಿದ್ದನು. ತನ್ನದೇ ಮಾದರಿಯಂತೆ ಬಡಗಿಯಿಂದ ಮಾಡಿಸಿಕೊಂಡ, ತೊಡೆಯ ಮೇಲಿಟ್ಟು ಬರೆಯಬಹುದಾದ ಚಿಕ್ಕ ಮರದ ಪೆಟ್ಟಿಗೆಯೇ ಮೇಜು. ಎದುರಿಗೆ ಪುಸ್ತಕಗಳನ್ನು ಹರಡಿಕೊಳ್ಳಲಿಲ್ಲವೆಂದು ಆತನೇ ಹೇಳಿದ್ದಾನೆ. ಆದರೂ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕನ ವಿಚಾರಗಳು, ಅದೇ ತಿಂಗಳಲ್ಲಿ ಜಾರ್ಜ್ ಮೇಸನ್ ವರ್ಜೀನಿಯಾಕ್ಕಾಗಿ ರಚಿಸಿದ ಹಕ್ಕುಗಳ ಘೋಷಣೆ, ದೊರೆಯ ತಪ್ಪುಗಳನ್ನು ಪಟ್ಟಿಮಾಡಿ ತಾನೇ ಬರೆದಿದ್ದ ವರ್ಜೀನಿಯಾ ಸಂವಿಧಾನದ ಕರಡು ಇವೆಲ್ಲ ಆತನ ಮನಸ್ಸಿನಲ್ಲಿ ಸಿದ್ಧವಾಗಿದ್ದವು. ಜೂನ್ 28ರಂದು ಕರಡು ಮಹಾಸಭೆಯ ಮುಂದೆ ಬಂದಿತು.

ಆ ಕೊಠಡಿಗಳಲ್ಲಿ ಜೆಫರ್ಸನ್ನನ ಸೇವೆಗೆ ಇನ್ನೊಬ್ಬ ಇದ್ದನು. ಅವನ ಹೆಸರು ರಾಬರ್ಟ್ ಹೆಮಿಂಗ್ಸ್. ವಯಸ್ಸು 14. ಜೆಫರ್ಸನ್ನನ ಮಾವನಿಗೆ ಗುಲಾಮ ಹೆಂಗಸಿನಲ್ಲಿ ಹುಟ್ಟಿದ ಮಗನೆಂದು ಪ್ರತೀತಿ. ಎಂದರೆ ಆತನ ಪತ್ನಿಗೆ ಸೋದರನಾಗಬೇಕಾದವನು. ಕಾನೂನಿನ ಕಣ್ಣಿಗೆ ಮಾತ್ರ ಅವನು ಜೆಫರ್ಸನ್ನನ ಸೊತ್ತು. ಮನುಷ್ಯರೆಲ್ಲ ಸಮಾನರೆಂಬ ವಾಕ್ಯವು ಕಾಗದದ ಮೇಲೆ ಮೂಡುತ್ತಿದ್ದ ದಿನಗಳಲ್ಲಿ ಒಡೆಯನ ಬಟ್ಟೆಬರೆಗಳನ್ನು ನೋಡಿಕೊಳ್ಳುತ್ತಿದ್ದವನು ಈ ಹುಡುಗ. ಘೋಷಣೆಯ ಚರಿತ್ರೆಯನ್ನು ಓದುವಾಗ ಈ ಸಂಗತಿಯನ್ನು ನಾವು ಮರೆಯಲಾಗದು.

ಘೋಷಣೆಯ ಶೈಲಿ

ತರ್ಕಶಾಸ್ತ್ರವನ್ನು ಬಲ್ಲವರಿಗೆ ಈ ಪತ್ರದ ಕಟ್ಟಡ ಕೂಡಲೇ ಗೋಚರಿಸುತ್ತದೆ. ಮೊದಲು ಸರ್ವರೂ ಒಪ್ಪಬೇಕಾದ ತತ್ತ್ವ, ಅನಂತರ ಆ ತತ್ತ್ವಕ್ಕೆ ಭಂಗ ಬಂದಿದೆಯೆಂಬುದಕ್ಕೆ ಪುರಾವೆ, ಕೊನೆಗೆ ನಿಗಮನ. ಪ್ರಜೆಗಳ ಹಕ್ಕನ್ನು ಕೆಡಿಸುವ ಸರ್ಕಾರವನ್ನು ಪ್ರಜೆಗಳು ಬದಲಾಯಿಸಬಹುದು; ಈ ದೊರೆಯು ಅಂತಹ ಸರ್ಕಾರ ನಡೆಸಿದ್ದಾನೆ; ಆದುದರಿಂದ ಅವನೊಡನೆ ನಮ್ಮ ಸಂಬಂಧ ಹರಿಯಿತು. ಇಡೀ ಪತ್ರದ ಸಾರ ಇಷ್ಟೇ. ಮೊದಲ ಮಾತಿಗೆ ತಲೆದೂಗಿದವನು ಕೊನೆಯ ಮಾತನ್ನು ಅಲ್ಲಗಳೆಯುವಂತಿಲ್ಲ.

ಪತ್ರವು ಒಂದೇ ಒಂದು ದೀರ್ಘ ವಾಕ್ಯದಿಂದ ಆರಂಭವಾಗುತ್ತದೆ. ಅದರಲ್ಲಿ ಅಮೆರಿಕದ ಹೆಸರಿಲ್ಲ, ಬ್ರಿಟನ್ನಿನ ಹೆಸರಿಲ್ಲ, ದೊರೆಯ ಹೆಸರೂ ಇಲ್ಲ. ಮಾನವ ಇತಿಹಾಸದಲ್ಲಿ ಎಂದಾದರೊಮ್ಮೆ ಒಂದು ಜನಾಂಗವು ಮತ್ತೊಂದರಿಂದ ಬೇರ್ಪಡಬೇಕಾಗಿ ಬಂದರೆ, ಕಾರಣಗಳನ್ನು ತಿಳಿಸುವುದು ಮನುಕುಲದ ಅಭಿಪ್ರಾಯಕ್ಕೆ ಸಲ್ಲಿಸಬೇಕಾದ ಮರ್ಯಾದೆ ಎಂಬ ಭಾವ ಅದರದು. ಕೋಪದ ಮಾತಿಲ್ಲ, ದೂರಿಲ್ಲ. ತೆರಿಗೆಯ ಸುಂಕದ ಜಗಳವೊಂದನ್ನು ಲೇಖಕನು ಮೊದಲ ಸಾಲಿನಲ್ಲಿಯೇ ಎಲ್ಲ ಕಾಲದ, ಎಲ್ಲ ಜನರ ಪ್ರಶ್ನೆಯನ್ನಾಗಿ ಮಾಡಿದನು. ಓದುವವನು ಸಾಕ್ಷಿಯಲ್ಲ, ನ್ಯಾಯಾಧೀಶ ಎಂಬ ಗೌರವವನ್ನು ಆತನಿಗೆ ಕೊಟ್ಟನು.

ಎರಡನೆಯ ಭಾಗದಲ್ಲಿ ತತ್ತ್ವಗಳು ಒಂದರ ಹೆಗಲ ಮೇಲೊಂದು ನಿಲ್ಲುತ್ತವೆ. ಸಮಾನತೆಯಿಂದ ಹಕ್ಕುಗಳು, ಹಕ್ಕುಗಳ ರಕ್ಷಣೆಗಾಗಿ ಸರ್ಕಾರ, ಸರ್ಕಾರಕ್ಕೆ ಜನರ ಸಮ್ಮತಿಯೇ ಆಧಾರ, ಸಮ್ಮತಿ ಕೆಟ್ಟರೆ ಬದಲಾವಣೆಯ ಅಧಿಕಾರ. ಲಾಕನ ಅನುಯಾಯಿಗಳು ಜೀವ, ಸ್ವಾತಂತ್ರ್ಯ, ಆಸ್ತಿ ಎಂದು ಮೂರನ್ನು ಹೇಳುವುದು ವಾಡಿಕೆ. ಜೆಫರ್ಸನ್ನನು ಆಸ್ತಿಯನ್ನು ಬಿಟ್ಟು ಆ ಸ್ಥಾನದಲ್ಲಿ ಸುಖವನ್ನು ಅರಸುವ ಹಕ್ಕನ್ನು ಇಟ್ಟನು. ಆಸ್ತಿ ಇದ್ದವರು ಕೆಲವರು. ಸುಖವನ್ನು ಅರಸುವವರು ಎಲ್ಲರೂ. ಈ ತತ್ತ್ವಗಳನ್ನು ಮೊದಲ ಕರಡಿನಲ್ಲಿ ಆತನು ಪವಿತ್ರವೂ ಅಲ್ಲಗಳೆಯಲಾಗದವೂ ಆದವೆಂದು ಬಣ್ಣಿಸಿದ್ದನು. ತಿದ್ದುಪಡಿಯಲ್ಲಿ ಅವು ಸ್ವಯಂಸಿದ್ಧವಾದವು. ಮೊದಲನೆಯದು ಶ್ರದ್ಧೆಯ ಮಾತು. ಎರಡನೆಯದು ರೇಖಾಗಣಿತದ ಮಾತು. ಸ್ವಯಂಸಿದ್ಧವಾದುದಕ್ಕೆ ಪ್ರಮಾಣ ಕೇಳುವವರಿಲ್ಲ. ಒಂದು ಪದದ ಬದಲಾವಣೆಯಿಂದ ವಾದದ ಬುನಾದಿಯೇ ಗಟ್ಟಿಯಾಯಿತು.

ಇದರ ಬೆನ್ನಲ್ಲೇ ಲೇಖಕನು ತಾನಾಗಿಯೇ ಸ್ವಲ್ಪ ಹಿಂದೆ ಸರಿಯುತ್ತಾನೆ. ಬಹುಕಾಲ ನಡೆದು ಬಂದ ಸರ್ಕಾರವನ್ನು ಕ್ಷುಲ್ಲಕ ಕಾರಣಕ್ಕಾಗಿ ಕೆಡಹುವುದು ವಿವೇಕವಲ್ಲವೆಂದೂ, ಜನರು ಸಹಿಸಬಹುದಾದಷ್ಟು ಕಾಲ ಸಹಿಸುವುದೇ ಲೋಕಸ್ವಭಾವವೆಂದೂ ಒಪ್ಪಿಕೊಳ್ಳುತ್ತಾನೆ. ಹೀಗೆ ಒಪ್ಪಿದ ಮೇಲೆ ದೂರುಗಳ ಪಟ್ಟಿ ಬರುವುದರಿಂದ ಅದು ದುಡುಕಿನವರ ಕೂಗಾಗದೆ ತಾಳ್ಮೆಗೆಟ್ಟ ಸಭ್ಯರ ಮೊರೆಯಾಗುತ್ತದೆ.

ಮೂರನೆಯ ಭಾಗವೇ ಪತ್ರದ ಬಹ್ವಂಶ. ದೊರೆ ಮೂರನೆಯ ಜಾರ್ಜನ ವಿರುದ್ಧ 27 ಆರೋಪಗಳು ಅಲ್ಲಿವೆ. ಕನ್ನಡದಲ್ಲಿ ಕ್ರಿಯಾಪದದೊಳಗೇ ಕರ್ತೃವು ಅಡಗಿರಬಹುದು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕರ್ತೃಪದವನ್ನು ಬಿಡಿಸಿ ಹೇಳಲೇಬೇಕು. ಈ ನಿಯಮವನ್ನು ಜೆಫರ್ಸನ್ನನು ಆಯುಧವನ್ನಾಗಿ ಮಾಡಿಕೊಂಡನು. ಒಂದರ ಹಿಂದೊಂದು ಪ್ಯಾರಾಗಳು ಅವನು ಎಂಬ ಒಂದೇ ಸರ್ವನಾಮದಿಂದ ಆರಂಭವಾಗುತ್ತವೆ. ಗಟ್ಟಿಯಾಗಿ ಓದಿದಾಗ ಅದು ಸುತ್ತಿಗೆಯ ಪೆಟ್ಟಿನಂತೆ ಕಿವಿಗೆ ಬೀಳುತ್ತದೆ. ಕಾಯಿದೆಗಳಿಗೆ ಒಪ್ಪಿಗೆ ಕೊಡದಿರುವುದು, ಶಾಸನಸಭೆಗಳನ್ನು ವಿಸರ್ಜಿಸುವುದು ಮೊದಲಾದ ಆಡಳಿತದ ದೂರುಗಳಿಂದ ತೊಡಗಿ, ಕಡಲನ್ನು ಕೊಳ್ಳೆಹೊಡೆದು ಊರುಗಳನ್ನು ಸುಟ್ಟ ಯುದ್ಧದ ಕ್ರೌರ್ಯಗಳವರೆಗೆ ಪಟ್ಟಿಯು ಕಾವೇರುತ್ತ ಹೋಗುತ್ತದೆ. ತೆರಿಗೆ ಹಾಕಿದ್ದು ಪಾರ್ಲಿಮೆಂಟೇ ಆದರೂ ಅದರ ಹೆಸರನ್ನೇ ಎತ್ತುವುದಿಲ್ಲ. ಕಡಿಯಬೇಕಾಗಿದ್ದ ಕಡೆಯ ಗಂಟು ದೊರೆಯ ಮೇಲಿನ ರಾಜನಿಷ್ಠೆ. ಆದುದರಿಂದ ಹೊಣೆಯೆಲ್ಲ ಅವನ ಮೇಲೆ. ಇದು ವಕೀಲನ ಜಾಣ್ಮೆ, ಪೂರ್ಣ ಚರಿತ್ರೆಯಲ್ಲ. ಪಟ್ಟಿಯ ಕೊನೆಯಲ್ಲಿ ಆ ನೆಲದ ಮೂಲನಿವಾಸಿಗಳನ್ನು ನಿರ್ದಯಿಗಳಾದ ಅನಾಗರಿಕರೆಂದು ಹಳಿದಿರುವುದು ಇಂದಿಗೂ ಪತ್ರಕ್ಕೆ ಅಂಟಿರುವ ಕಲೆ.

ಕರಡಿನ ಇನ್ನೊಂದು ತಿದ್ದುಪಡಿಯು 2010ರಲ್ಲಿ ಬೆಳಕಿಗೆ ಬಂದಿತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ತಜ್ಞರು ವಿಶೇಷ ಛಾಯಾಚಿತ್ರಗಳಿಂದ ಕರಡನ್ನು ಪರೀಕ್ಷಿಸಿದಾಗ, ಒಂದೆಡೆ ಜೆಫರ್ಸನ್ನನು ಮೊದಲು ದೊರೆಯ ಅಧೀನರೆಂಬ ಅರ್ಥದ ಪದವನ್ನು ಬರೆದು, ಮಸಿ ಆರುವ ಮೊದಲೇ ಒರೆಸಿ, ಅದರ ಮೇಲೆ ನಾಗರಿಕರೆಂಬ ಅರ್ಥದ ಪದವನ್ನು ಬರೆದದ್ದು ಕಂಡುಬಂದಿತು. ನಮ್ಮ ಭಾಷೆಯಲ್ಲಿ ಪ್ರಜೆ ಎಂಬ ಒಂದೇ ಮಾತು ಅರಸನ ಅಧೀನನಿಗೂ ಸಲ್ಲುತ್ತದೆ, ಪ್ರಜಾಪ್ರಭುತ್ವದ ನಾಗರಿಕನಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅವು ಎರಡು ಬೇರೆ ಪದಗಳು. ಒಂದನ್ನು ಒರೆಸಿ ಇನ್ನೊಂದನ್ನು ಬರೆದ ಆ ಕ್ಷಣದಲ್ಲಿ ಹಳೆಯ ಅಭ್ಯಾಸವು ಹೊಸ ಆಲೋಚನೆಗೆ ದಾರಿ ಬಿಟ್ಟದ್ದನ್ನು ನಾವು ಪ್ರತ್ಯಕ್ಷ ಕಾಣುತ್ತೇವೆ.

ಮುಕ್ತಾಯದಲ್ಲಿ ಲೀ ಮಂಡಿಸಿದ್ದ ನಿರ್ಣಯದ ಮಾತುಗಳೇ ಸೇರಿವೆ. ಸಹಿ ಹಾಕುವವರು ಪ್ರಾಣ, ಸಂಪತ್ತು, ಮಾನ ಈ ಮೂರನ್ನೂ ಪರಸ್ಪರ ಒತ್ತೆಯಿಡುತ್ತಾರೆ. ಮಾನವು ಎಲ್ಲಕ್ಕಿಂತ ಕೊನೆಗೆ ಬರುವುದು ಆಕಸ್ಮಿಕವಲ್ಲ. ಸೋತರೆ ರಾಜದ್ರೋಹಕ್ಕೆ ಗಲ್ಲೇ ಗತಿಯಾಗಿದ್ದ ಕಾಲದಲ್ಲಿ ಇದು ಅಲಂಕಾರದ ಮಾತಾಗಿರಲಿಲ್ಲ.

ಸಭೆಯ ತಿದ್ದುಪಡಿ

ಜುಲೈ 2ರಂದು ಮಹಾಸಭೆಯು ಲೀಯ ನಿರ್ಣಯವನ್ನು ಅಂಗೀಕರಿಸಿತು. ಹನ್ನೆರಡು ವಸಾಹತುಗಳು ಪರವಾಗಿ ಮತ ನೀಡಿದವು. ನ್ಯೂಯಾರ್ಕ್ ತಟಸ್ಥವಾಗಿದ್ದು ಕೆಲವು ದಿನಗಳ ಅನಂತರ ಒಪ್ಪಿತು. ಆಮೇಲೆ ಸಭೆಯು ಘೋಷಣೆಯ ಕರಡನ್ನು ಎತ್ತಿಕೊಂಡು ಸಾಲು ಸಾಲಾಗಿ ತಿದ್ದಿತು. ಸುಮಾರು ಕಾಲು ಭಾಗವನ್ನು ಹೊಡೆದು ಹಾಕಿತು. ಲೇಖಕನು ಬಾಯಿ ತೆರೆಯದೆ ಕುಳಿತು ನೊಂದುಕೊಂಡನು. ಪ್ರತಿಯೊಂದು ಮಾತಿಗಾಗಿ ಹೋರಾಡಿದವನು ಆಡಮ್ಸ್.

ಪಕ್ಕದಲ್ಲಿದ್ದ 70 ವರ್ಷದ ಫ್ರಾಂಕ್ಲಿನ್ ಒಂದು ಕಥೆ ಹೇಳಿ ಆತನನ್ನು ಸಂತೈಸಿದನಂತೆ. ಟೋಪಿ ತಯಾರಿಸುವವನೊಬ್ಬನು ಅಂಗಡಿ ತೆರೆಯುವಾಗ ತನ್ನ ಹೆಸರು, ಕಸುಬು, ರೊಕ್ಕ ಕೊಟ್ಟವರಿಗೆ ಟೋಪಿ ಮಾಡಿ ಮಾರುವ ಸಂಗತಿ ಇಷ್ಟನ್ನೂ ಬರೆದು, ಕೆಳಗೆ ಟೋಪಿಯ ಚಿತ್ರವಿರುವ ಬೋರ್ಡೊಂದನ್ನು ಯೋಜಿಸಿದನು. ಸ್ನೇಹಿತರಿಗೆ ತೋರಿಸಿದಾಗ ಒಬ್ಬನಿಗೆ ಒಂದು ಪದ, ಮತ್ತೊಬ್ಬನಿಗೆ ಇನ್ನೊಂದು ಪದ ಅನಾವಶ್ಯಕವೆಂದು ತೋರಿತು. ಕೊನೆಗೆ ಬೋರ್ಡಿನಲ್ಲಿ ಉಳಿದದ್ದು ಅವನ ಹೆಸರು ಮತ್ತು ಟೋಪಿಯ ಚಿತ್ರ. ಸಭೆಗಳು ತಿದ್ದುವ ಬರಹವನ್ನು ತಾನು ಎಂದೂ ಬರೆಯಲು ಒಪ್ಪುವುದಿಲ್ಲವೆಂಬುದು ಆ ಅನುಭವಿಯ ನೀತಿ.

ಜೆಫರ್ಸನ್ನನಿಗೆ ಸಮಾಧಾನವಾಗಲಿಲ್ಲ. ತನ್ನ ಮೂಲ ಕರಡನ್ನು ನಕಲು ಮಾಡಿ ಸ್ನೇಹಿತರಿಗೆ ಕಳುಹಿಸಿದನು. 45 ವರ್ಷಗಳ ತರುವಾಯ ಆತ್ಮವೃತ್ತಾಂತದಲ್ಲಿಯೂ ಎರಡು ಪಾಠಗಳನ್ನು ಜೊತೆಯಾಗಿ ಕೊಟ್ಟನು. ಆದರೆ ನಿಷ್ಪಕ್ಷಪಾತವಾಗಿ ನೋಡಿದರೆ ಸಭೆಯು ಮಾಡಿದ ಬಹುಪಾಲು ತಿದ್ದುಪಡಿಗಳು ಬರಹವನ್ನು ಬಿಗಿಗೊಳಿಸಿದವು. ಅತಿಯಾದ ಭಾವಾವೇಶವನ್ನು ತಗ್ಗಿಸಿದವು. ಒಂದು ವಿಷಯದಲ್ಲಿ ಮಾತ್ರ ಹಾಗೆ ಹೇಳುವಂತಿಲ್ಲ. ಆಫ್ರಿಕದ ಮನುಷ್ಯರನ್ನು ಹಿಡಿದು ತಂದು ಮಾರುವ ವ್ಯಾಪಾರವನ್ನು ಖಂಡಿಸುವ ಉದ್ದದ ಪ್ಯಾರಾ ಒಂದನ್ನು ಆತನು ಬರೆದಿದ್ದನು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದವರು ಅದನ್ನು ಸಹಿಸಲಿಲ್ಲ. ಆ ವ್ಯಾಪಾರದಲ್ಲಿ ಹಡಗು ಹೂಡಿದ್ದ ಉತ್ತರದವರಿಗೂ ಅದು ಹಿಡಿಸಲಿಲ್ಲ. ಆ ಪ್ಯಾರಾ ಇಡಿಯಾಗಿ ಬಿದ್ದುಹೋಯಿತು. ಅದರಲ್ಲಿಯೂ ಒಂದು ದೋಷವಿತ್ತು. ಕೊಂಡವರ ಪಾಪವನ್ನು ಅದು ದೊರೆಯೊಬ್ಬನ ತಲೆಗೆ ಕಟ್ಟಿತ್ತು. ಆಗ ವಸಾಹತುಗಳಲ್ಲಿದ್ದ ಸುಮಾರು 25 ಲಕ್ಷ ಜನರಲ್ಲಿ ಐದನೆಯ ಒಂದು ಭಾಗ ಗುಲಾಮರು. ಅವರ ವಿಷಯವಾಗಿ ಘೋಷಣೆಯು ಮೌನ ತಾಳಿತು.

ಜುಲೈ 4ರ ರಾತ್ರಿ ಜಾನ್ ಡನ್ಲಪ್ ಎಂಬ ಮುದ್ರಕನು ಪ್ರತಿಗಳನ್ನು ಅಚ್ಚು ಹಾಕಿದನು. ಜುಲೈ 8ರಂದು ಫಿಲಡೆಲ್ಫಿಯಾದಲ್ಲಿ, 9ರಂದು ನ್ಯೂಯಾರ್ಕಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೈನ್ಯದ ಮುಂದೆ ಅದನ್ನು ಗಟ್ಟಿಯಾಗಿ ಓದಲಾಯಿತು. ಅದೇ ಸಂಜೆ ನ್ಯೂಯಾರ್ಕಿನ ಜನ ದೊರೆಯ ಸೀಸದ ಪ್ರತಿಮೆಯನ್ನು ಕೆಡಹಿದರು. ಸೀಸದ ಬಹುಭಾಗ ಬಂದೂಕಿನ ಗುಂಡುಗಳಾಯಿತು. ಅಕ್ಷರ ಬಲ್ಲವರಷ್ಟೇ ಓದುವುದಕ್ಕಲ್ಲದೆ, ಬಯಲಿನಲ್ಲಿ ನಿಂತವರೂ ಕೇಳಿ ತಿಳಿಯುವುದಕ್ಕಾಗಿ ಬರೆದ ಮಾತಿಗೆ ಹೀಗೆ ಉತ್ತರ ದೊರೆಯಿತು. ಆದರೆ ಬರೆದವನು ಯಾರೆಂಬುದು ಜನಸಾಮಾನ್ಯರಿಗೆ ಕೆಲವು ವರ್ಷಗಳವರೆಗೆ ತಿಳಿಯಲಿಲ್ಲ. ಅದು ಸಭೆಯ ಮಾತಾಗಿತ್ತು. ಅದರಲ್ಲಿ ಹೊಸದೇನೂ ಇಲ್ಲವೆಂದು ಮುಪ್ಪಿನಲ್ಲಿ ಆಡಮ್ಸ್ ಆಕ್ಷೇಪಿಸಿದಾಗ, ಹೊಸತನ್ನು ಕಂಡುಹಿಡಿಯುವುದು ತನ್ನ ಉದ್ದೇಶವೇ ಆಗಿರಲಿಲ್ಲ, ಎಲ್ಲರ ಮನಸ್ಸಿನಲ್ಲಿದ್ದುದನ್ನು ಹೇಳುವುದೇ ಉದ್ದೇಶವಾಗಿತ್ತು ಎಂಬುದು ಜೆಫರ್ಸನ್ನನ ನಿಲುವಾಗಿತ್ತು. ಆ ಶೈಲಿಯ ರಹಸ್ಯವೂ ಇದೇ ಆಗಿದೆ.

ಬರೆದವನ ಬಾಳು

ಅನಂತರದ ಐವತ್ತು ವರ್ಷಗಳಲ್ಲಿ ಜೆಫರ್ಸನ್ನನು ವಹಿಸದ ಪದವಿ ಇಲ್ಲ. ವರ್ಜೀನಿಯಾದ ಗವರ್ನರ್, ಫ್ರಾನ್ಸಿಗೆ ರಾಯಭಾರಿ, ವಿದೇಶಾಂಗ ಮಂತ್ರಿ, ಉಪಾಧ್ಯಕ್ಷ, 1801ರಿಂದ 1809ರವರೆಗೆ ಅಧ್ಯಕ್ಷ. 1786ರಲ್ಲಿ ಅಂಗೀಕೃತವಾದ ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಆತನ ಬರಹ. 1803ರಲ್ಲಿ 150 ಲಕ್ಷ ಡಾಲರುಗಳಿಗೆ ಫ್ರಾನ್ಸಿನಿಂದ ಲೂಸಿಯಾನಾ ಪ್ರಾಂತವನ್ನು ಕೊಂಡುಕೊಂಡನು.

ಗುಲಾಮಗಿರಿಯ ವಿಷಯದಲ್ಲಿ ಮಾತ್ರ ಆತನ ಲೇಖನಿ ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. 1784ರಲ್ಲಿ ಪಶ್ಚಿಮದ ಹೊಸ ಪ್ರಾಂತಗಳಲ್ಲಿ 1800ರ ಬಳಿಕ ಗುಲಾಮಗಿರಿ ಇರಕೂಡದೆಂದು ಆತನು ಸೂಚಿಸಿದನು. ಒಂದು ಮತದ ಕೊರತೆಯಿಂದ ಅದು ಬಿದ್ದಿತು. ಅಧ್ಯಕ್ಷನಾಗಿದ್ದಾಗ 1807ರಲ್ಲಿ ಗುಲಾಮರ ಆಮದನ್ನು ನಿಷೇಧಿಸುವ ಕಾಯಿದೆಗೆ ಸಹಿ ಹಾಕಿದನು. ಆದರೆ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದ ಆತನು ಬಿಡುಗಡೆ ಮಾಡಿದ್ದು ಬೆರಳೆಣಿಕೆಯಷ್ಟು ಜನರನ್ನು. ರಾಬರ್ಟ್ ಹೆಮಿಂಗ್ಸನಿಗೆ ಬಿಡುಗಡೆ ದೊರೆತದ್ದು 1794ರಲ್ಲಿ. ಪತ್ನಿ ಮಾರ್ಥಾ 1782ರಲ್ಲಿ ತೀರಿಕೊಂಡ ಬಳಿಕ ಜೆಫರ್ಸನ್ನನು ಮರುಮದುವೆಯಾಗಲಿಲ್ಲ. ರಾಬರ್ಟನ ತಂಗಿಯೂ ಗುಲಾಮಳೂ ಆಗಿದ್ದ ಸ್ಯಾಲಿ ಹೆಮಿಂಗ್ಸಳ ಮಕ್ಕಳ ತಂದೆ ಆತನೇ ಎಂದು 1998ರ ವಂಶವಾಹಿ ಪರೀಕ್ಷೆಯ ತರುವಾಯ ಬಹುಮಂದಿ ಇತಿಹಾಸಕಾರರು ಒಪ್ಪಿದ್ದಾರೆ. ಕರಿಯರ ಬುದ್ಧಿಶಕ್ತಿಯು ಬಿಳಿಯರಿಗಿಂತ ಕಡಿಮೆಯೆಂಬ ಸಂದೇಹವನ್ನು ಆತನು ತನ್ನ ಪುಸ್ತಕವೊಂದರಲ್ಲಿ ಅಚ್ಚು ಮಾಡಿಸಿದ್ದನು.

ಈ ಸಂದೇಹಕ್ಕೆ ಆತನದೇ ಘೋಷಣೆಯಿಂದ ಉತ್ತರ ಬಂದಿತು. ಮೇರಿಲೆಂಡಿನ ಬೆಂಜಮಿನ್ ಬ್ಯಾನೆಕರ್ ಸ್ವತಂತ್ರನಾದ ಕರಿಯ ರೈತ. ತಾನೇ ಗಣಿತ ಜ್ಯೋತಿಷಗಳನ್ನು ಕಲಿತು ಪಂಚಾಂಗವನ್ನು ಗಣಿಸಿದವನು. 1791ರ ಆಗಸ್ಟಿನಲ್ಲಿ ಅವನು ಆ ಪಂಚಾಂಗದ ಹಸ್ತಪ್ರತಿಯೊಡನೆ ಜೆಫರ್ಸನ್ನನಿಗೆ ಒಂದು ಪತ್ರ ಬರೆದು, ಘೋಷಣೆಯಲ್ಲಿ ಹೇಳಿದ ಮಾತನ್ನೇ ನೆನಪಿಸಿ, ಅದನ್ನು ಬರೆದವನು ತನ್ನ ಸೋದರರನ್ನು ಬಂಧನದಲ್ಲಿ ಇಟ್ಟಿರುವುದು ಎಂತಹ ವಿಪರ್ಯಾಸವೆಂದು ವಿನಯದಿಂದ, ಆದರೆ ನೇರವಾಗಿ ಕೇಳಿದನು. ಜೆಫರ್ಸನ್ನನು ಸೌಜನ್ಯದ ಉತ್ತರವನ್ನು ಬರೆದನು. ಗುಲಾಮರು ಗುಲಾಮರಾಗಿಯೇ ಉಳಿದರು.

ಗ್ರಂಥಭಂಡಾರ ಮತ್ತು ವಿದ್ಯಾಲಯ

ವಿದ್ಯೆಯಿಲ್ಲದೆ ಸ್ವಾತಂತ್ರ್ಯ ಉಳಿಯದೆಂಬುದು ಜೆಫರ್ಸನ್ನನ ದೃಢವಾದ ನಂಬಿಕೆ. ಸ್ವತಂತ್ರರ ಗಂಡು ಹೆಣ್ಣು ಮಕ್ಕಳಿಗೆಲ್ಲ ಮೂರು ವರ್ಷ ಉಚಿತವಾಗಿ ಓದು, ಬರಹ, ಲೆಕ್ಕ ಕಲಿಸಬೇಕೆಂಬ ವಿಧೇಯಕವನ್ನು ಆತನು ಯುದ್ಧದ ನಡುವೆಯೇ ರಚಿಸಿದ್ದನು. ವರ್ಜೀನಿಯಾದ ಶಾಸನಸಭೆ ಅದನ್ನು ಅಂಗೀಕರಿಸಲಿಲ್ಲ. 1814ರಲ್ಲಿ ಬ್ರಿಟಿಷ್ ಸೈನ್ಯವು ವಾಷಿಂಗ್ಟನ್ ನಗರದಲ್ಲಿ ಶಾಸನಸಭೆಯ ಗ್ರಂಥಾಲಯವನ್ನು ಸುಟ್ಟಾಗ, ಮರುವರ್ಷ ತನ್ನ 6,487 ಪುಸ್ತಕಗಳನ್ನು 23,950 ಡಾಲರುಗಳಿಗೆ ರಾಷ್ಟ್ರಕ್ಕೆ ಒಪ್ಪಿಸಿದನು. ಇಂದಿನ ಕಾಂಗ್ರೆಸ್ ಗ್ರಂಥಾಲಯವು ಮತ್ತೆ ಬೆಳೆದದ್ದು ಆ ಸಂಗ್ರಹದಿಂದ. 1819ರಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕೆ ಮಂಜೂರಾತಿ ಪಡೆದು, ಕಟ್ಟಡಗಳ ನಕ್ಷೆಯನ್ನು ತಾನೇ ಬರೆದು, ಆವರಣದ ಮುಖ್ಯಸ್ಥಾನದಲ್ಲಿ ಗ್ರಂಥಾಲಯವನ್ನು ನಿಲ್ಲಿಸಿದನು. 1825ರಲ್ಲಿ ಪಾಠಪ್ರವಚನ ಆರಂಭವಾಯಿತು. ಅದನ್ನು ಕಟ್ಟಿದ ಕೈಗಳಲ್ಲಿ ಅನೇಕವು ಗುಲಾಮರ ಕೈಗಳು. ಅವರ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಅಂತ್ಯ

1826ನೆಯ ಇಸವಿ ಜುಲೈ 4 ಘೋಷಣೆಯ ಐವತ್ತನೆಯ ವರ್ಷದ ದಿನ. ಅಂದು ಮಧ್ಯಾಹ್ನ ಜೆಫರ್ಸನ್ನನು ಮಾಂಟಿಚೆಲೊದ ತನ್ನ ಮನೆಯಲ್ಲಿ 83ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದನು. ಕೆಲವೇ ಗಂಟೆಗಳ ಬಳಿಕ ದೂರದ ಮ್ಯಾಸಚೂಸೆಟ್ಸಿನಲ್ಲಿ ಜಾನ್ ಆಡಮ್ಸನೂ ತೀರಿಕೊಂಡನು. ಸಮಾಧಿಯ ಮೇಲೆ ಮೂರನ್ನು ಮಾತ್ರ ಕೆತ್ತಿಸಬೇಕೆಂದು ಜೆಫರ್ಸನ್ನನು ಮೊದಲೇ ಬರೆದಿಟ್ಟಿದ್ದನು: ಸ್ವಾತಂತ್ರ್ಯ ಘೋಷಣೆಯ ಕರ್ತೃತ್ವ, ಧಾರ್ಮಿಕ ಸ್ವಾತಂತ್ರ್ಯ ಶಾಸನದ ಕರ್ತೃತ್ವ, ವಿಶ್ವವಿದ್ಯಾನಿಲಯದ ಸ್ಥಾಪನೆ. ಅಧ್ಯಕ್ಷಪದವಿಯ ಪ್ರಸ್ತಾಪವಿಲ್ಲ. ಆತನ ಶವಪೆಟ್ಟಿಗೆಯನ್ನು ಮಾಡಿದವನು ಜಾನ್ ಹೆಮಿಂಗ್ಸ್ ಎಂಬ ಗುಲಾಮ ಬಡಗಿ. ಬಿಟ್ಟುಹೋದ ಸಾಲ ಒಂದು ಲಕ್ಷ ಡಾಲರಿಗೂ ಮಿಕ್ಕಿತ್ತು. 1827ರ ಜನವರಿಯಲ್ಲಿ ಮನೆಯ ಸಾಮಾನು, ದನಕರುಗಳೊಡನೆ 130 ಮಂದಿ ಗುಲಾಮರನ್ನು ಹರಾಜಿಗೆ ಇಡಲಾಯಿತು. ಗಂಡ ಹೆಂಡಿರು, ತಾಯಿ ಮಕ್ಕಳು ಬೇರೆ ಬೇರೆ ಒಡೆಯರ ಪಾಲಾದರು.

ಮನುಷ್ಯನ ಕಥೆ ಇಲ್ಲಿಗೆ ಮುಗಿಯಿತು; ಮಾತಿನ ಕಥೆ ಮುಗಿಯಲಿಲ್ಲ. 1848ರಲ್ಲಿ ಸೆನೆಕಾ ಫಾಲ್ಸ್ ಎಂಬಲ್ಲಿ ಸೇರಿದ ಸ್ತ್ರೀಯರ ಸಮ್ಮೇಳನವು ಅದೇ ಘೋಷಣೆಯ ಅಚ್ಚಿನಲ್ಲಿ ತಮ್ಮ ಹಕ್ಕುಗಳ ಘೋಷಣೆಯನ್ನು ಹೊಯ್ದಿತು. 1852ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಸ್ವಾತಂತ್ರ್ಯೋತ್ಸವದ ಮರುದಿನ ಭಾಷಣ ಮಾಡಿ, ಆ ಹಬ್ಬದಲ್ಲಿ ಗುಲಾಮನಿಗೆ ಪಾಲೆಲ್ಲಿದೆ ಎಂದು ಪ್ರಶ್ನಿಸಿದನು. 1863ರಲ್ಲಿ ಅಬ್ರಹಾಮ್ ಲಿಂಕನ್ ಯುದ್ಧಭೂಮಿಯಲ್ಲಿ ನಿಂತು ರಾಷ್ಟ್ರದ ಹುಟ್ಟನ್ನು ಆ ಸಮಾನತೆಯ ಮಾತಿನಿಂದಲೇ ಎಣಿಸಿದನು. ನೂರು ವರ್ಷಗಳ ತರುವಾಯ ಮಾರ್ಟಿನ್ ಲೂಥರ್ ಕಿಂಗ್ ಅದನ್ನು ಇನ್ನೂ ತೀರಿಸದ ಪ್ರಾಮಿಸರಿ ನೋಟಿಗೆ ಹೋಲಿಸಿದನು. ನಮ್ಮ ದೇಶದಲ್ಲಿ 1930ರ ಜನವರಿ 26ರಂದು ಊರೂರುಗಳಲ್ಲಿ, ದೇಶಭಾಷೆಗಳಲ್ಲಿ ಓದಿದ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯೂ ಸ್ವಾತಂತ್ರ್ಯವು ಜನರಿಂದ ಕಸಿಯಲಾಗದ ಹಕ್ಕೆಂದೂ, ಅದನ್ನು ಕಸಿಯುವ ಸರ್ಕಾರವನ್ನು ಬದಲಾಯಿಸುವ ಅಧಿಕಾರ ಜನರಿಗಿದೆಯೆಂದೂ ಸಾರಿತು. ಫಿಲಡೆಲ್ಫಿಯಾದ ಬಾಡಿಗೆ ಕೊಠಡಿಯ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಜೆಫರ್ಸನ್ನನು ತನ್ನವರಿಗಾಗಿ ಮಾತ್ರ ಬರೆದಿದ್ದರೆ, ತೆರಿಗೆಯ ಜಗಳ ತೀರಿದ ದಿನವೇ ಆ ಪತ್ರವೂ ಕಡತ ಸೇರುತ್ತಿತ್ತು. ಎಲ್ಲರಿಗೂ ಸಲ್ಲುವಂತೆ ಬರೆದದ್ದರಿಂದ ಅದು ಆತನ ಕೈಮೀರಿ ಬೆಳೆಯಿತು; ಆತನನ್ನೇ ಅಳೆಯುವ ಕೋಲಾಯಿತು. ಆ ಅಳತೆಯಲ್ಲಿ ಆತನು ಕಡಿಮೆ ಬಿದ್ದನೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಅಳತೆಗೋಲನ್ನು ಲೋಕಕ್ಕೆ ಕೊಟ್ಟವನು ಆತನೇ ಎಂಬುದನ್ನು ಮರೆಯುವುದೂ ನ್ಯಾಯವಲ್ಲ. ಬರೆದ ಪೆಟ್ಟಿಗೆಮೇಜು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಒಳ್ಳೆಯ ಮಾತನ್ನು ತಿದ್ದಿ ಬರೆಯಲು ಮಕ್ಕಳಿಗೆ ಕಲಿಸುವ ನಾವು, ಬರೆದ ಮಾತಿಗೆ ತಕ್ಕಂತೆ ಬಾಳುವುದು ಅದಕ್ಕಿಂತ ದೊಡ್ಡ ಪಾಠವೆಂಬುದನ್ನು ಈ ಮಹನೀಯನ ಹಿರಿಮೆಯಿಂದಲೂ ಕೊರತೆಯಿಂದಲೂ ಕಲಿಯಬೇಕಾಗಿದೆ.